ಹಿಗ್ಗಿನ ಅರ್ಧ ಟನ್

ನಮ್ಮೂರಲ್ಲಿ ಯಾರೇ ಏಸಿ ಕೊಳ್ಳಬೇಕೆಂದರೂ ಮೊದಲು ಅಡಿವೆಪ್ಪನನ್ನು ಕರೆಸಬೇಕು. ಆ ಅಡಿವೆಪ್ಪ ನಾನೇ. ಹೆಸರಿನಲ್ಲೇ ಅಡಿ ಇದೆ ಎಂದು ಊರಿನವರು ತಮಾಷೆ ಮಾಡುತ್ತಾರೆ. ಮಾಡಲಿ, ಇಪ್ಪತ್ತೆರಡು ವರ್ಷದಿಂದ ಕೇಳಿ ಕೇಳಿ ನನಗೂ ಅಭ್ಯಾಸವಾಗಿದೆ. ಬೇರೆ ಊರುಗಳಲ್ಲಿ ಈ ಕೆಲಸ ಸುಲಭವಂತೆ. ಕೋಣೆಯ ಉದ್ದ ಅಗಲ ಹೇಳಿದರೆ ಅಂಗಡಿಯವನು ಕೂತಲ್ಲೇ ಒಂದು ಟನ್ನೋ ಒಂದೂವರೆಯೋ ಹೇಳಿಬಿಡುತ್ತಾನಂತೆ. ನಮ್ಮೂರಲ್ಲಿ ಕೋಣೆಗೆ ಒಂದೇ ಉದ್ದ, ಒಂದೇ ಅಗಲ ಎಂಬುದಿಲ್ಲ. ಮನೆಯವರು ಹಿಗ್ಗಿದರೆ ಮನೆಯೂ ಹಿಗ್ಗುತ್ತದೆ, ಅವರು ಕುಗ್ಗಿದರೆ ಮನೆಯೂ ಕುಗ್ಗುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಗೋಡೆಯ ಜಾಗದಲ್ಲೇ ಇರುತ್ತದೆ, ಪಕ್ಕದವರ ಕಾಂಪೌಂಡಿಗೆ ಒಂದಂಗುಲವೂ ತಾಗುವುದಿಲ್ಲ. ಸರಿಯುವುದೆಲ್ಲ ಒಳಗೆ.

ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದವರಿಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಪರದೆ ಹೊಲಿಯುವವರು ಎರಡು ಮೊಳ ಬಟ್ಟೆಯನ್ನು ಹೆಚ್ಚಿಗೆ ಮಡಚಿ ಇಟ್ಟಿರುತ್ತಾರೆ. ವೈರಿಂಗ್ ಮಾಡುವವನು ಪ್ರತಿ ಕೋಣೆಯ ಮೂಲೆಯಲ್ಲೂ ಐದಾರು ಅಡಿ ವೈರನ್ನು ಸುರುಳಿ ಸುತ್ತಿ ಬಿಟ್ಟಿರುತ್ತಾನೆ, ಗೋಡೆ ಸರಿದಾಗ ಬೇಕಾದಷ್ಟು ಎಳೆದುಕೊಳ್ಳಲಿ ಎಂದು. ಮಗಳ ಮದುವೆ ಗೊತ್ತಾದ ಮನೆಯಲ್ಲಿ ಎಷ್ಟು ಜಮಖಾನೆ ಹಾಸಿದರೂ ಸಾಲುವುದಿಲ್ಲ. ಪರೀಕ್ಷೆಯಲ್ಲಿ ಮಗ ಫೇಲಾದ ಮನೆಯಲ್ಲಿ ಮಂಚ ಹಿಡಿಸುವುದಿಲ್ಲ. ಆಗ ಮಂಚವನ್ನು ಎತ್ತಿ ಅಂಗಳಕ್ಕೆ ಹಾಕಿ ಒಂದು ವಾರ ನೆಲದ ಮೇಲೆ ಮಲಗುತ್ತಾರೆ, ಅಷ್ಟೇ.

ತೊಂದರೆ ಶುರುವಾದದ್ದು ಏಸಿ ಬಂದ ಮೇಲೆ. ಏಸಿಗೆ ನಮ್ಮೂರಿನ ಸ್ವಭಾವ ಗೊತ್ತಿಲ್ಲ. ಕೋಣೆಗಿಂತ ಮಷಿನ್ ಚಿಕ್ಕದಾದರೆ ಅದು ಹಗಲಿಡೀ ಏದುಸಿರು ಬಿಡುತ್ತಾ ಓಡುತ್ತದೆ, ತಂಪು ಮಾತ್ರ ಆಗುವುದಿಲ್ಲ. ದೊಡ್ಡದಾದರೆ ಇನ್ನೊಂದು ಪೀಕಲಾಟ. ಎರಡು ನಿಮಿಷದಲ್ಲಿ ಕೋಣೆಯನ್ನು ಕೊರೆಯುವಂತೆ ತಣ್ಣಗೆ ಮಾಡಿ ಟಕ್ ಎಂದು ನಿಂತುಬಿಡುತ್ತದೆ. ಮತ್ತೆ ಟಕ್ ಎಂದು ಶುರು, ಮತ್ತೆ ಟಕ್ ಎಂದು ಬಂದ್. ಗಾಳಿಯಲ್ಲಿನ ತೇವವನ್ನು ಹೀರುವುದಕ್ಕೆ ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ, ಒಳಗೆ ಕೂತವರಿಗೆ ಹಸಿ ಬಟ್ಟೆ ಹೊದ್ದ ಹಾಗೆ ಆಗುತ್ತದೆ. ಆದ್ದರಿಂದ ಮಷಿನ್ ಕೋಣೆಗೆ ಸರಿಯಾಗಿ ಹೊಂದಬೇಕು, ಆದರೆ ಯಾವ ದಿನದ ಕೋಣೆಗೆ ಎಂಬುದೇ ಪ್ರಶ್ನೆ. ಗೃಹಪ್ರವೇಶದ ದಿನ ಅಳೆಸಿದವರೆಲ್ಲ ಎರಡು ಟನ್ ತಂದು ಚಳಿಗಾಲವನ್ನೇ ಮನೆಯೊಳಗೆ ಕಟ್ಟಿಹಾಕಿಕೊಂಡರು.

ಅಂಥ ಕಾಲದಲ್ಲಿ ರಾಜೇಸಾಬರು ಈ ಅಳತೆಯ ಕಸುಬನ್ನು ಹುಟ್ಟುಹಾಕಿದರು. ಅವರು ಒಳಗೆ ಕಾಲಿಟ್ಟರೆ ಸಾಕು, ಗೋಡೆಗಳು ಎಲ್ಲಿದ್ದರೂ ಸರಿದು ಬಂದು, ಮನೆ ಕಟ್ಟಿದ ಗೌಂಡಿ ಹಾಕಿದ ಗೆರೆಗೆ ನಿಲ್ಲುತ್ತಿದ್ದವು. ಅವರ ಮನಸ್ಸು ಹಾಗೆ ಪಳಗಿತ್ತು, ಅದು ಹಿಗ್ಗುತ್ತಲೂ ಇರಲಿಲ್ಲ, ಕುಗ್ಗುತ್ತಲೂ ಇರಲಿಲ್ಲ. ನಾನು ಅವರ ಶಿಷ್ಯ. ಮೊದಲ ದಿನವೇ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಡಿವೆಪ್ಪ, ಮಂದಿ ಮನಿಗೆ ಹೋದಾಗ ಚಪ್ಪಲಿ ಹೊರಗ ಬಿಡ್ತಿ ಹೌದಿಲ್ಲೋ? ಮನಸ್ಸನ್ನೂ ಅದರ ಬಾಜೂಕ ಬಿಟ್ಟ ಹೋಗು."

ಕಲಿಯಲು ಮೂರು ವರ್ಷ ಹಿಡಿಯಿತು. ಮೊದಮೊದಲು ಯಾರದೋ ಮನೆಯಲ್ಲಿ ಕೂಸು ನಕ್ಕರೆ ನನಗೂ ನಗು ಬಂದು ಗೋಡೆ ಒಂದು ಗೇಣು ಸರಿದುಬಿಡುತ್ತಿತ್ತು, ರಾಜೇಸಾಬರು ತಲೆಗೆ ಮೊಟಕುತ್ತಿದ್ದರು. ಆಮೇಲಾಮೇಲೆ ಅವರಿಗಿಂತ ನಾನೇ ಮೇಲು ಎನ್ನಿಸಿಕೊಂಡೆ. ರಿಜಿಸ್ಟರ್ ಕಚೇರಿಯವರೂ ಅಳತೆಗೆ ನನ್ನನ್ನೇ ಕರೆಯುತ್ತಿದ್ದರು. ಸಾವಿನ ಮನೆಯಲ್ಲಿ ಕೋಣೆ ಕುಗ್ಗಿ ಹೆಣವನ್ನು ಹೊರಳಿಸಲು ಜಾಗವಿಲ್ಲದೆ ಜನ ಕಂಗಾಲಾದಾಗ ನನಗೇ ಹೇಳಿಕಳಿಸುತ್ತಿದ್ದರು. ನಾನು ಹೋಗಿ ಸುಮ್ಮನೆ ಒಂದು ಮೂಲೆಯಲ್ಲಿ ನಿಲ್ಲುತ್ತಿದ್ದೆ, ಕೋಣೆ ತನ್ನ ಅಳತೆಗೆ ಬರುತ್ತಿತ್ತು, ಹೆಗಲು ಕೊಡುವವರು ಒಳಗೆ ಬರುತ್ತಿದ್ದರು. ಮದುವೆ ಮನೆಗಳಲ್ಲಿ ನನಗೆ ಹೊರಗೆ ಹಂದರದಲ್ಲೇ, ಮೊದಲ ಸಾಲಿನಲ್ಲೇ ಎಲೆ ಹಾಕುತ್ತಿದ್ದರು. ಒಳಗೆ ಬನ್ನಿ ಎಂದು ಯಾರೂ ಅನ್ನುತ್ತಿರಲಿಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗೌಂಡಿ ಗೆರೆಯ ಲೆಕ್ಕದಲ್ಲಿ ಒಂದು ಟನ್ ಬಂದರೆ, ಅದರ ಮೇಲೆ ಅರ್ಧ ಟನ್ ಸೇರಿಸಿ ಬರೆಯುತ್ತೇವೆ. ಇದಕ್ಕೆ ಹಿಗ್ಗಿನ ಅರ್ಧ ಎಂದು ಹೆಸರು. ಹಬ್ಬ, ಹುಣ್ಣಿಮೆ, ಬೀಗರು ಬರುವುದು, ಎಲ್ಲಕ್ಕೂ ಸೇರಿ ಅಷ್ಟು. ಮಕ್ಕಳಿರುವ ಮನೆಯಾದರೆ ಒಂದು ಟನ್ನನ್ನೇ ಸೇರಿಸುವುದುಂಟು. ಕೆಲವರು "ಅರ್ಧ ಬ್ಯಾಡ್ರಿ" ಎನ್ನುತ್ತಾರೆ. ಹಾಗೆ ಹೇಳುವವರ ಮುಖವನ್ನು ನಾವು ನೋಡುವುದಿಲ್ಲ, ಕಾಗದ ನೋಡುತ್ತಾ ಬರೆದುಕೊಳ್ಳುತ್ತೇವೆ.

ಹೋದ ಬೇಸಿಗೆಯಲ್ಲಿ ನಮ್ಮವ್ವನಿಗೆ ಬಿಸಿಲು ಬಡಿಯಿತು. ಎಪ್ಪತ್ತೆಂಟು ವರ್ಷದ ಜೀವ, ಹಳೇ ಮನೆಯ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕಣ್ಣು ಮೇಲೆ ಮಾಡಿಬಿಟ್ಟಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಬಿಡುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಹಿಂಗಾದ್ರ ಉಳಿಸಿಕೊಳ್ಳೂದು ಕಷ್ಟ. ಬ್ಯಾಸಿಗ್ಯಾಗ ಮಧ್ಯಾಹ್ನ ಅವರನ್ನ ತಂಪಿನ್ಯಾಗ ಇಡ್ರಿ," ಎಂದರು. ನಾವು ಊರ ಹೊರಗೆ ಹೊಸ ಮನೆ ಕಟ್ಟುತ್ತಿದ್ದೆವು, ಗೋಡೆಗಳು ಆಗಲೇ ಎದ್ದಿದ್ದವು. ಹಿಂದಿನ ಕೋಣೆಯನ್ನು ಅವ್ವನಿಗೆ ಎಂದು ಗೊತ್ತುಮಾಡಿ ಅಲ್ಲಿ ಏಸಿ ಹಾಕುವುದೆಂದು ತೀರ್ಮಾನಿಸಿದೆವು.

ಗೋಡೆಗಳ ಗಿಲಾವು ಮುಗಿದ ದಿನ ನಾನೇ ಒಳಗೆ ನಿಂತು ಅಳೆದೆ. ಹನ್ನೆರಡಕ್ಕೆ ಹನ್ನೆರಡು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಒಂದು ಟನ್ ಎಂದು ಬರೆದೆ. ನನ್ನ ಹೆಂಡತಿ ಕಸ್ತೂರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹಿಗ್ಗಿನ ಅರ್ಧ ಸೇರಿಸಲಿಲ್ಲಲ್ರಿ," ಎಂದಳು.

"ನಮ್ಮನಿಗೆ ಯಾಕ ಬೇಕದು? ಹಳೇ ಮನ್ಯಾಗ ಹತ್ತೊಂಬತ್ತು ವರ್ಷ ಇದ್ವಿ. ಒಂದಿನಾನೂ ಅಳತಿ ತಪ್ಪಿಲ್ಲ."

"ಊರಿಗೆಲ್ಲಾ ಬರದ ಕೊಡ್ತೀರಿ. ನಮಗೂ ಒಂದರ್ಧ ಇರ್ಲಿ ಅಂದೆ."

"ಕಸ್ತೂರಿ, ಇದು ನನ್ನ ಕಸಬು. ನಿನಗ ತಿಳಿಯೂದಿಲ್ಲ ಬಿಡು."

ಅವಳು ಬಿಟ್ಟಳು. ಅವಳು ಯಾವತ್ತೂ ಹಾಗೆ, ಒಂದು ಸಲ ಹೇಳುತ್ತಾಳೆ, ಅರ್ಧ ಸಲ ಹೇಳುತ್ತಾಳೆ, ಆಮೇಲೆ ಬಿಡುತ್ತಾಳೆ. ಅದು ಅವಳ ಒಳ್ಳೆಯ ಗುಣ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

ಬೇಸಿಗೆ ಬಂತು. ನಾನು ಬೆಳಿಗ್ಗೆ ಒಂಬತ್ತಕ್ಕೆ ಅಳತೆಗೆಂದು ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ಮೊದಲ ವಾರದಲ್ಲೇ ಕಸ್ತೂರಿ ದೂರು ತೆಗೆದಳು. ಮಧ್ಯಾಹ್ನ ಏಸಿ ತಂಪು ಮಾಡುತ್ತಿಲ್ಲ, ಅವ್ವ ಬೆವರುತ್ತಾಳೆ, ಮಷಿನ್ ಒಂದೇ ಸಮನೆ ಗುರ್ ಅನ್ನುತ್ತದೆ. ನಾನು ಸಂಜೆ ಒಳಗೆ ಹೋಗಿ ನೋಡಿದರೆ ಹತ್ತೇ ನಿಮಿಷದಲ್ಲಿ ಕೋಣೆ ತಣ್ಣಗಾಯಿತು. ಭಾನುವಾರ ಇಡೀ ದಿನ ಮನೆಯಲ್ಲೇ ಇದ್ದು ಪರೀಕ್ಷೆ ಮಾಡಿದೆ. ಹೊರಗೆ ರಸ್ತೆಯ ಡಾಂಬರು ಕರಗುವಂಥ ಬಿಸಿಲು, ಒಳಗೆ ಹದವಾದ ತಂಪು. ಅವ್ವ ಮಂಚದ ಮೇಲೆ ಸೆರಗು ಹೊದ್ದು ಮಲಗಿ, "ನೀ ಬಂದ್ರ ತಂಪಾಗ್ತೈತಿ ನೋಡಪ್ಪಾ," ಎಂದಳು. ಹೆತ್ತ ತಾಯಿಯ ಬಾಯಿಂದ ಅಂಥ ಮಾತು ಕೇಳಿ ಯಾರಿಗೆ ಸಂತೋಷವಾಗುವುದಿಲ್ಲ? ನನಗೂ ಆಗಬೇಕಿತ್ತು. ನಾನು ಹೂಂ ಎಂದು ಫಿಲ್ಟರ್ ತೆಗೆದು ತೊಳೆದೆ.

ಸೋಮವಾರ ಮತ್ತೆ ಅದೇ ದೂರು. ನಾನು ಸ್ಟೆಬಿಲೈಜರ್ ಬದಲಿಸಿದೆ. ಮಂಗಳವಾರ ಗ್ಯಾಸ್ ನೋಡಿದೆ, ಸರಿಯಾಗಿತ್ತು. ಬುಧವಾರ ಹೊರಗಿನ ಪೆಟ್ಟಿಗೆಗೆ ತಗಡಿನ ನೆರಳು ಕಟ್ಟಿದೆ. ಊರಲ್ಲಿ ನಾನು ಬರೆದುಕೊಟ್ಟ ಮಷಿನ್‌ಗಳ ಮೇಲೆ ಒಂದೇ ಒಂದು ದೂರು ಬಂದಿಲ್ಲ, ಮನೆಯಲ್ಲಿ ಮಾತ್ರ ದಿನಾ ಒಂದು. ಹೆಂಗಸರು ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಾರೆ, ಇನ್ನೇನು, ಎಂದು ಒಳಗೊಳಗೇ ಗೊಣಗಿದೆ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಫೋನು ಬಂತು. ಆಚೆ ಕಸ್ತೂರಿ. "ಲಗೂನ ಬರ್ರಿ. ಅತ್ತಿಯವರಿಗೆ ಹೋದ ವರ್ಷ ಆದಂಗ ಆಗಾಕತ್ತೈತಿ."

ಯಾರದೋ ಮನೆಯಲ್ಲಿ ಟೇಪನ್ನು ಗೋಡೆಗೆ ಹಿಡಿದಿದ್ದವನು ಹಾಗೇ ಬಿಟ್ಟು ಓಡಿದೆ. ಸ್ಕೂಟರ್ ಹೇಗೆ ಓಡಿಸಿದೆನೋ ನನಗೆ ನೆನಪಿಲ್ಲ. ಅವ್ವ ಮಂಚದಲ್ಲಿ ಒರಗಿದ್ದಳು, ಹಣೆಯ ಮೇಲೆ ಒದ್ದೆ ಬಟ್ಟೆ, ತುಟಿ ಒಣಗಿ ಬಿಳಿಚಿತ್ತು. ಕಸ್ತೂರಿ ಚಮಚದಲ್ಲಿ ಮಜ್ಜಿಗೆ ಕುಡಿಸುತ್ತಿದ್ದಳು. ನಾನು ಒಳಗೆ ಹೋಗಿ ಅವ್ವನ ಅಂಗಾಲು ತಿಕ್ಕುತ್ತಾ ಕೂತೆ. ಅಷ್ಟು ಹೊತ್ತು ಗುರುಗುಟ್ಟುತ್ತಿದ್ದ ಮಷಿನ್ ತಣ್ಣನೆ ಗಾಳಿ ಬಿಡತೊಡಗಿತು. ಕಾಲು ಗಂಟೆಯಲ್ಲಿ ಅವ್ವ ಕಣ್ಣು ಬಿಟ್ಟು ನನ್ನನ್ನು ನೋಡಿ, "ಬಂದ್ಯಾ? ಈಗ ತಂಪಾತು," ಎಂದಳು.

ಹೆದರಿಕೆ ಇಳಿದ ಮೇಲೆ ನನಗೆ ಸಿಟ್ಟು ಬಂತು. "ಬಾಗಿಲ ತಗದಿಟ್ಟಿದ್ದಿ ಹೌದಿಲ್ಲೋ?" ಎಂದು ಕಸ್ತೂರಿಯ ಮೇಲೆ ರೇಗಿದೆ. "ನಿನ್ನ ಅಲಕ್ಷ್ಯಕ್ಕ ನಮ್ಮವ್ವ ಹೋಗ್ತಿದ್ಲಲ್ಲ ಇವತ್ತು!"

ಅವಳು ಮಜ್ಜಿಗೆಯ ಲೋಟ ಎತ್ತಿಕೊಂಡು ನನ್ನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅವ್ವ ಮಂಚದಿಂದಲೇ ಸಣ್ಣಗೆ ಕೈ ಆಡಿಸಿ ಬೇಡ ಎಂದದ್ದನ್ನು ನಾನು ಕಂಡೆ, ಕಂಡರೂ ಅದೇನೆಂದು ಕೇಳಲಿಲ್ಲ. ಕಸ್ತೂರಿ ಹೊರಗೆ ಹೋದಳು.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಮಷಿನ್ ಪೂರಾ ಬಿಚ್ಚಿ ನೋಡಿಯೇ ಬಿಡುವುದು ಎಂದು ಸ್ಟೂಲು ಹಾಕಿಕೊಂಡು ಹತ್ತಿದೆ. ಅದರಲ್ಲಿ ಒಂದೂ ದೋಷವಿರಲಿಲ್ಲ. ಕೊನೆಗೆ ವೈರಿನದೇ ತಂಟೆ ಇರಬಹುದು ಎಂದು ಮೂಲೆಯಲ್ಲಿ ಬಿಟ್ಟಿದ್ದ ಸುರುಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಕೂತವನು ಅದನ್ನೇ ನೋಡಿದೆ.

ಹೊಸ ಮನೆ, ಸುಣ್ಣ ಹೊಡೆದು ಮೂರು ತಿಂಗಳೂ ಆಗಿರಲಿಲ್ಲ. ನಮ್ಮ ಮನೆಯ ಸುರುಳಿಯ ಮೇಲೆ ಸುಣ್ಣದ ಧೂಳು ಹಾಗೇ ಕೂತಿರಬೇಕಿತ್ತು. ನನ್ನ ಮನೆಯ ಗೋಡೆ ಸರಿಯುವುದಿಲ್ಲವಲ್ಲ! ಆದರೆ ಆ ವೈರು ಕೈಯಾಡಿದ ಕೊಡದ ಕಂಠದಂತೆ ಫಳಫಳ ಹೊಳೆಯುತ್ತಿತ್ತು. ಅದು ಉಜ್ಜಿ ಉಜ್ಜಿ ಗೋಡೆಯ ಬುಡದಲ್ಲಿ ಅರ್ಧಚಂದ್ರದಂಥ ಗೀರು ಮೂಡಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸುರುಳಿಗಳನ್ನು ಸಾವಿರ ನೋಡಿದ್ದೇನೆ. ಬಾಣಂತಿಯರಿರುವ ಮನೆಗಳಲ್ಲಿ, ಹೊಸ ಮದುವೆಯ ಮನೆಗಳಲ್ಲಿ ನೋಡಿದ್ದೇನೆ. ಈ ವೈರು ದಿನಾ ಐದಾರು ಅಡಿ ಹೊರಗೆ ಹೋಗಿ, ದಿನಾ ಒಳಗೆ ಬರುತ್ತಿತ್ತು.

ನಾನಿಲ್ಲದಾಗ ನನ್ನ ಮನೆಗೆ ಯಾರು ಬರುತ್ತಾರೆ? ಮೊದಲು ಬಂದದ್ದು ಇದೇ ಯೋಚನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಚಿಕೆಯಾಗಬೇಕಿತ್ತು, ಹೊಟ್ಟೆಯುರಿಯೇ ಮುಂದಾಯಿತು. ಆರಡಿ ಹಿಗ್ಗನ್ನು ತಂದು ಸುರಿಯುವವರು ಯಾರು ಎಂದು ಆ ಇಡೀ ದಿನ ಕಸ್ತೂರಿಯ ಮುಖ ನೋಡಿದೆ. ಅವಳು ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ನನ್ನ ಅಂಗಿಯ ಗುಂಡಿ ಹಚ್ಚಿದಳು.

ಶನಿವಾರ ಎಂದಿನಂತೆ ಒಂಬತ್ತಕ್ಕೆ ಹೊರಟೆ. ಎರಡು ಗಂಟೆಯ ಹೊತ್ತಿಗೆ ವಾಪಸು ಬಂದು, ಸ್ಕೂಟರನ್ನು ತಿರುವಿನಲ್ಲೇ ಬಿಟ್ಟು, ಕಳ್ಳನ ಹಾಗೆ ಹಿತ್ತಲಿಂದ ಬಂದು ಅವ್ವನ ಕೋಣೆಯ ಕಿಟಕಿಗೆ ಕಣ್ಣಿಟ್ಟೆ.

ಒಳಗೆ ಬೇರೆ ಯಾರೂ ಇರಲಿಲ್ಲ. ಅವ್ವ ಮತ್ತು ಕಸ್ತೂರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ಚೌಕಾಬಾರಾ ಆಡುತ್ತಿದ್ದರು. ಕಿಟಕಿಯಿಂದ ಇಬ್ಬರೂ ಎಷ್ಟು ದೂರದಲ್ಲಿದ್ದರೆಂದರೆ, ನನ್ನವ್ವ ಹೊಳೆಯ ಆಚೆ ದಡದಲ್ಲಿ ಕೂತಂತೆ ಕಂಡಳು. ಅವ್ವ ಕವಡೆ ಕುಲುಕಿ ಬಿಟ್ಟು "ಬಾರಾ!" ಎಂದು ಕೂಗಿದಳು. ಕಸ್ತೂರಿ, "ಎಲ್ಲಿ ಬಾರಾ ಅತ್ತಿ, ಒಂದು ಕವಡಿ ನಿಮ್ಮ ಸೀರಿ ಅಡ್ಯಾಗ ಐತಿ, ತಗೀರಿ ಹೊರಗ," ಎಂದು ಸೀರೆ ಹಿಡಿದೆಳೆದಳು. ಅವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋಡುತ್ತಿದ್ದಂತೆ ಆಚೆಯ ಗೋಡೆ ಇನ್ನೊಂದು ಗೇಣು ಹಿಂದೆ ಸರಿಯಿತು, ಮೂಲೆಯ ವೈರು ಹಾವಿನಂತೆ ಸರಕ್ಕನೆ ಹರಿಯಿತು. ಇಬ್ಬರ ಮುಖದಲ್ಲೂ ಬೆವರು ಇಳಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಆಡುತ್ತಿದ್ದರು. ಮೊನ್ನೆಯಷ್ಟೇ ಸಾವಿನ ಬಾಗಿಲಿಗೆ ಹೋಗಿ ಬಂದ ಮುದುಕಿ!

ಕಸ್ತೂರಿ ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗಿದ್ದು ಗೊತ್ತಿರಲಿಲ್ಲ. ಕಿಟಕಿಯ ಸರಳು ಬಿಸಿಲಿಗೆ ಕಾದಿತ್ತು, ಹಿಡಿದ ಕೈ ಸುಡುತ್ತಿದ್ದರೂ ಬಿಡಲಾಗಲಿಲ್ಲ. ನನಗೆ ಅಳು ಬಂತು ಎಂದು ಹೇಳಿದರೆ ಸುಳ್ಳಾದೀತು. ಅಳು ಬರಬೇಕಾದ ಜಾಗ ಎಲ್ಲಿದೆಯೆಂದು ಗೊತ್ತಾಯಿತು, ಅಷ್ಟೇ, ಅದಕ್ಕೇ ಸಂಕಟವಾಯಿತು.

ಮುಂದಿನ ಬಾಗಿಲಿಂದ ಬಂದು ಅವ್ವನ ಕೋಣೆಯ ಹೊಸ್ತಿಲಲ್ಲಿ ನಿಂತೆ. ದಾಟಲಿಲ್ಲ. ಅಳತೆಗಾರ ಹೊಸ್ತಿಲು ದಾಟದಿದ್ದರೆ ಕೋಣೆ ಇದ್ದ ಹಾಗೇ ಇರುತ್ತದೆ ಎಂಬುದು ರಾಜೇಸಾಬರು ಹೇಳಿಕೊಟ್ಟ ಪಾಠ. ಕಸ್ತೂರಿ ನನ್ನನ್ನು ಕಂಡು ದಿಗ್ಗನೆ ಎದ್ದಳು. ಅವ್ವ ಕವಡೆಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಏಳಬ್ಯಾಡ್ರಿ. ಆಡ್ರಿ ನೀವು. ನಗ್ರಿ," ಎಂದೆ. ನಗಿ ಎಂದು ಅಪ್ಪಣೆ ಕೊಟ್ಟರೆ ಯಾರು ನಗುತ್ತಾರೆ? ಕಿಸೆಯಿಂದ ಟೇಪು ತೆಗೆದು ಅದರ ತುದಿಯನ್ನು ಚಾಚಿದೆ. "ಇದನ್ನ ಹಿಡಕೊಂಡು ಆ ಗ್ವಾಡಿ ಹಂತ್ಯಾಕ ಹೋಗು."

ಅವಳು ತುದಿ ಹಿಡಿದು ನಡೆದಳು. ನಡೆಯುತ್ತಲೇ ಹೋದಳು. ಅವಳು ತುದಿಯನ್ನು ಗೋಡೆಗೆ ಒತ್ತಿದಾಗ ನನ್ನ ಕೈಯಲ್ಲಿ ಹದಿನೆಂಟು ಅಡಿ ಇತ್ತು. ಹದಿನೆಂಟು ಎಂದು ಮನಸ್ಸಿನಲ್ಲೇ ಓದಿಕೊಳ್ಳುವಷ್ಟರಲ್ಲಿ ಟೇಪು ಸಡಿಲಾಗಿ ಜೋಲು ಬಿತ್ತು. ಹದಿನೇಳು. ಹದಿನಾರೂವರೆ. ನಾನು ಹೊಸ್ತಿಲು ದಾಟಿರಲಿಲ್ಲ, ಉಸಿರು ಕೂಡ ಬಿಟ್ಟಿರಲಿಲ್ಲ. ನನ್ನನ್ನು ನೋಡಿದ್ದಕ್ಕೇ ಕೋಣೆ ನನ್ನ ಕಡೆ ಬರುತ್ತಿತ್ತು, ಹೆಂಡತಿಯೂ ಗೋಡೆಯೂ ಒಟ್ಟಿಗೆ ಹತ್ತಿರವಾಗುತ್ತಿದ್ದರು. ಹದಿನೈದು. ಹದಿನಾಲ್ಕು. ಟೇಪು ನನ್ನ ಕೈಯೊಳಗೆ ಸರಸರ ಸುತ್ತಿಕೊಳ್ಳುತ್ತಿತ್ತು. ನಾನು ಅದರ ಗುಂಡಿ ಒತ್ತಿ ನಿಲ್ಲಿಸಲು ನೋಡಿದೆ. ಅದರಿಂದ ಗೋಡೆಯೇನು ನಿಲ್ಲುತ್ತದೆಯೇ?

"ಎಷ್ಟಾತ್ರಿ?" ಎಂದು ಕಸ್ತೂರಿ ಕೇಳಿದಳು.

"ಹದಿನೆಂಟಿತ್ತು."

"ಹೂಂ. ಮಧ್ಯಾಹ್ನದಾಗ ಅಷ್ಟ ಆಗ್ತೈತ್ರಿ."

"ಯಾವಾಗಿಂದ?"

ಅವಳು ಅವ್ವನ ಕಡೆ ನೋಡಿದಳು. ಅವ್ವ ತಲೆ ಬಗ್ಗಿಸಿ ಕವಡೆ ಎಣಿಸುತ್ತಿದ್ದಳು. "ಹಳೇ ಮನ್ಯಾಗೂ ಹಿಂಗ ಇತ್ರಿ. ನಿಮ್ಮ ಸ್ಕೂಟರ್ ಸಪ್ಪಳ ಕೇಳಿದ ಕೂಡ್ಲೆ ನಾವು ಮಂಚಾ ಸರಿಸಿ ಇಡ್ತಿದ್ವಿ, ಗ್ವಾಡಿ ಬಡೀಬಾರದು ಅಂತ."

"ಹತ್ತೊಂಬತ್ತು ವರ್ಷ ಒಂದ ಮಾತು ಹೇಳಲಿಲ್ಲಲ್ಲ ನೀನು."

"ಏನಂತ ಹೇಳ್ಲಿ? ನೀವು ಬಂದ್ರ ಮನಿ ಸಣ್ಣದಾಗ್ತೈತಿ ಅಂತ ಗಂಡಗ ಹೇಳೂದು ಹ್ಯಾಂಗ್ರಿ?" ಅವಳು ಟೇಪಿನ ತುದಿ ಬಿಟ್ಟಳು. "ನೀವು ಕೆಟ್ಟವರಲ್ಲ. ಒಂದಿನ ಬೈದಿಲ್ಲ, ಹೊಡದಿಲ್ಲ. ಮೊನ್ನೆ ಬೈದ್ರಲ್ಲ, ಖರೇ ಹೇಳ್ತೀನಿ, ಅದು ಕೇಳಿ ನನಗ ಒಂಥರಾ ಚಲೋ ಅನಸ್ತು. ಸಿಟ್ಟರ ಬರ್ತೈತಲ್ಲ ಇವರಿಗೆ ಅಂತ. ನೀವು ಬಂದ್ರ ಮನಿ ಪ್ಲಾನಿನಷ್ಟ ಆಗ್ತೈತಿ. ಅಷ್ಟ. ಹೆಚ್ಚಿಲ್ಲ, ಕಡಿಮಿಲ್ಲ."

ರಾಜೇಸಾಬರು ಮನಸ್ಸನ್ನು ಚಪ್ಪಲಿಯ ಪಕ್ಕದಲ್ಲಿ ಬಿಡಲು ಹೇಳಿದ್ದರು. ಬಿಟ್ಟೆ. ಹೊರಡುವಾಗ ಚಪ್ಪಲಿಯನ್ನು ಮಾತ್ರ ಮೆಟ್ಟಿಕೊಂಡು ಬಂದೆ. ಯಾವ ಮನೆಯ ಮುಂದೆ ಬಿಟ್ಟು ಬಂದೆನೋ ಈಗ ಹುಡುಕಿದರೆ ಸಿಕ್ಕೀತೇ? ಹಿಂದಿರುಗಿದೆ. ಹೋಗುವಾಗ ನೋಡಿದರೆ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು, ಕೋಣೆ ಹನ್ನೊಂದಡಿಗಿಂತ ಹೆಚ್ಚಿರಲಿಲ್ಲ. ಏಸಿ ಟಕ್ ಎಂದು ನಿಂತಿತು.

ಮೂರು ದಿನ ಅದೇ ಲೆಕ್ಕ ಹಾಕಿದೆ. ಎಲ್ಲರಿಗೂ ಲೆಕ್ಕ ಹಾಕಿಕೊಟ್ಟವನಿಗೆ ಇದು ಬಗೆಹರಿಯಲಿಲ್ಲ. ನಾನಿರುವ ಕೋಣೆಗೆ ಒಂದು ಟನ್ ಸರಿ, ನಾನಿಲ್ಲದ ಕೋಣೆಗೆ ಎರಡು ಟನ್ ಬೇಕು. ಎರಡನ್ನು ಹಾಕಿದರೆ ನಾನು ಆ ಕೋಣೆಯಲ್ಲಿ ಕೂರುವಂತಿಲ್ಲ, ಒಂದನ್ನೇ ಉಳಿಸಿದರೆ ಅವರು ನಗುವಂತಿಲ್ಲ. ಇನ್ನೊಂದು ಉಪಾಯವೂ ಇತ್ತು: ನಾನು ಕೆಲಸ ಬಿಟ್ಟು ಹಗಲಿಡೀ ಅವ್ವನ ಪಕ್ಕದಲ್ಲೇ ಕೂತರೆ ಕೋಣೆ ಹನ್ನೆರಡಕ್ಕೇ ನಿಂತು ತಂಪಾಗಿರುತ್ತದೆ, ಅವ್ವ ಉಳಿಯುತ್ತಾಳೆ. ಹಾಗೆ ಉಳಿಸಿಕೊಂಡ ಅವ್ವನ ಮುಖ ನೆನೆದು ಆ ಉಪಾಯವನ್ನು ಅಲ್ಲಿಗೇ ಬಿಟ್ಟೆ.

ಬುಧವಾರ ಅಂಗಡಿಯಿಂದ ಎರಡು ಟನ್ನಿನ ಮಷಿನ್ ತರಿಸಿದೆ. ಕಾಗದದಲ್ಲಿ ಕೋಣೆಯ ಅಳತೆ ಬರೆಯುವ ಜಾಗದಲ್ಲಿ ಹದಿನೆಂಟಕ್ಕೆ ಹದಿನೆಂಟು ಎಂದು ನನ್ನ ಕೈಯಾರೆ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಳಗೆ ನಿಂತು ನೋಡದೆ ಬರೆದ ಅಳತೆ ಅದೊಂದೇ. ಹಳೆಯದನ್ನು ಇಳಿಸಿ, ಪೈಪು ಬದಲಿಸಿ, ಹೊಸದನ್ನು ಏರಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಚಾಲೂ ಮಾಡಿ, ಸರಂಜಾಮು ಚೀಲಕ್ಕೆ ತುಂಬಿಕೊಂಡು, "ನಾ ಇನ್ನ ಹೊಂಟೆ. ನೀವು ಆಡ್ರಿ," ಎಂದೆ.

"ಎಲ್ಲಿಗೆ?" ಎಂದಳು ಅವ್ವ.

"ಹೊರಗ ಕಟ್ಟಿ ಮ್ಯಾಲೆ ಕುಂದರ್ತೀನವ್ವಾ. ನಾ ಒಳಗ ಇದ್ರ ಈ ಮಷಿನ್‌ಗೆ ಖೋಲಿ ಸಣ್ಣದಾಗ್ತೈತಿ. ಥಂಡಿ ಹಿಡಿತೈತಿ ನಿನಗ."

"ಥಂಡಿ ಆದ್ರ ಕೌದಿ ಐತಿ. ಕುಂದರ್ ಇಲ್ಲೆ," ಎಂದು ಅವ್ವ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಮನೆ ಬರೆಯತೊಡಗಿದಳು. ಕಸ್ತೂರಿ ನನ್ನ ಕೈಯಿಂದ ಚೀಲ ಇಸಿದುಕೊಂಡು ಬಾಗಿಲಾಚೆ ಇಟ್ಟಳು. ಟೇಪು ಚೀಲದಲ್ಲೇ ಹೋಯಿತು.

ಕೂತೆ. ನಾನು ಹೇಳಿದ ಹಾಗೇ ಆಯಿತು. ಹನ್ನೆರಡಡಿ ಕೋಣೆಗೆ ಎರಡು ಟನ್ ಎಂದರೆ ಆಟವೇ? ಎರಡು ನಿಮಿಷಕ್ಕೆ ಕೊರೆಯುವ ಥಂಡಿ, ಟಕ್ ಎಂದು ಬಂದ್. ಹಸಿಹಸಿ ಗಾಳಿ. ಮತ್ತೆ ಟಕ್, ಮತ್ತೆ ಶುರು. ಅವ್ವ ಕೌದಿ ಹೊದ್ದಳು, ಕಸ್ತೂರಿ ಸೆರಗನ್ನು ಕಿವಿಗೆ ಸುತ್ತಿಕೊಂಡಳು. ಮೂವರೂ ಮುದುಡಿ ಕೂತು ಕವಡೆ ಎಸೆದೆವು. ಎರಡನೆಯ ಸುತ್ತಿಗೇ ಅವ್ವ ಒಂದು ಕವಡೆಯನ್ನು ಕೌದಿಯೊಳಗೆ ಎಳೆದುಕೊಂಡಳು. ನನ್ನ ಕಣ್ಣಿಗೆ ಅದು ತಪ್ಪಲಿಲ್ಲ.

"ಅವ್ವಾ, ಮೋಸ."

"ಏನ್ ಮೋಸ? ಅಳದ ನೋಡ್ತಿಯೇನು?" ಎಂದಳು ಅವ್ವ. ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಟಕ್ ಎಂದು ಮಷಿನ್ ನಿಂತಿತು. ಅವ್ವ ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತಾ, ನನ್ನನ್ನು ನೋಡದೆ ಹೇಳತೊಡಗಿದಳು. "ಇವ ಹುಟ್ಟಿದ ದಿನಾ ಏನಾತು ಗೊತ್ತೈತೇನ ಕಸ್ತೂರಿ? ಮೂರು ಕೂಸು ಹೋದ ಮ್ಯಾಲೆ ಇವ ಉಳದ. ಸೂಲಗಿತ್ತಿ ಹುಸೇನವ್ವ ಬಿಸಿನೀರ ತರಾಕ ಹೊರಗ ಹೋಗಿದ್ಲು. ಅಷ್ಟರಾಗ ಇವ ಅತ್ತ. ಆಕಿ ಕೊಡಾ ತಗೊಂಡ ಬಾಗಿಲಕ್ಕ ಬಂದು ನೋಡ್ತಾಳ, ನಾ ಎಲ್ಲೋ ದೂರ, ಹೊಲದಾಚಿ ಇದ್ದಂಗ ಕಾಣಾಕತ್ತೀನಿ! ಆ ಎಂಟಡಿ ಗುಡಸಲದಾಗ! ಆಕಿ ನಡದ್ಲು, ನಡದ್ಲು, ನಡುವ ಒಂದ ಕಡೆ ಕೊಡಾ ಇಳಿಸಿ ಸುಧಾರಿಸಿಕೊಂಡ್ಲು. ಬಂದ ಮುಟ್ಟೂದ್ರಾಗ ನೀರು ಆರಿ ಹೋಗಿತ್ತು. ಬೈದ್ಲು ನನಗ. ಎವ್ವಾ, ಇಷ್ಟ್ಯಾಕ ಹಿಗ್ಗತಿ, ಕೂಸಿಗೆ ಸ್ನಾನ ಮಾಡಸೂದು ಹ್ಯಾಂಗ ನಾನು ಅಂತ!"

"ಎಷ್ಟ ಅಡಿ ಆಗಿತ್ತವ್ವಾ?" ನನ್ನ ಬಾಯಿಂದ ತಾನಾಗಿ ಬಂತು.

"ಯಾಂವ ಅಳತಿ ಮಾಡ್ತಿದ್ದ ಅವತ್ತು? ಯಾರೂ ಅಳೀಲಿಲ್ಲಪ್ಪಾ." ಅವಳು ಕವಡೆ ಬಿಟ್ಟಳು. "ನೋಡು, ಬಾರಾ."

ಬಾರಾ ಅಲ್ಲ, ಬರೀ ಮೂರು ಬಿದ್ದಿತ್ತು. ನಲವತ್ತೇಳು ವರ್ಷದ ಹಿಂದೆ ಯಾರೋ ಒಬ್ಬ ಹೆಂಗಸು ಬಿಸಿನೀರಿನ ಕೊಡ ಹೊತ್ತು ನನ್ನ ಕಡೆಗೆ ನಡೆದು ನಡೆದು ಸುಸ್ತಾಗಿ, ನಡುದಾರಿಯಲ್ಲಿ ಸೊಂಟ ಹಿಡಿದು ಕೂತಿದ್ದು ನನ್ನ ಕಣ್ಣಿಗೆ ಕಟ್ಟಿತು. ನನ್ನೊಳಗೆ ಎಲ್ಲೋ ಒಂದು ಸದ್ದು ಹುಟ್ಟಿತು. ಅದು ಕೆಮ್ಮೆಂದು ಮೊದಲು ಅಂದುಕೊಂಡೆ. ಕಸ್ತೂರಿ ಆಟ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಮಷಿನ್ ಟಕ್ ಎಂದು ಶುರುವಾಯಿತು. ಕಸುಬಿನ ಕಿವಿ, ಏನು ಮಾಡುವುದು, ಅದು ನಿಲ್ಲುವ ಟಕ್‌ಗೆ ಕಾದು ಕೂತೆ. ಎರಡು ನಿಮಿಷವಾಯಿತು. ಮೂರಾಯಿತು. ಮೂಲೆಯಲ್ಲಿ ವೈರು ಒಂದು ಬೆರಳಿನಷ್ಟು ಸರಿದ ಹಾಗಾಯಿತು, ನಾನು ಆ ಕಡೆ ನೋಡಲಿಲ್ಲ. ಕವಡೆ ನನ್ನ ಕೈಗೆ ಬಂದಿತ್ತು. ಐದು ನಿಮಿಷವಾದರೂ ಟಕ್ ಎನ್ನಲಿಲ್ಲ, ಮಷಿನ್ ಓಡುತ್ತಲೇ ಇತ್ತು.

ಅವ್ವ ಮೈಮೇಲಿನ ಕೌದಿಯನ್ನು ಅತ್ತ ಸರಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಯಾಕೋ ಅಡಿವೆಪ್ಪಾ," ಎಂದಳು, "ಸ್ವಲ್ಪ ಸೆಕಿ ಆಗಾಕತ್ತೈತಲ್ಲೋ."